ಡಂಗುರವೂ ಭಂಡಾರವೂ

ಆಯನೂರು ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಊರು. ಈ ದಾರಿಯ ಒಂದು ಕೊನೆಗೆ 1930ರಲ್ಲಿ ಸ್ಥಾಪಿತವಾದ ಕರ್ನಾಟಕ ಸಂಘವುಂಟು. ಇನ್ನೊಂದು ಕೊನೆಯ ಸಮೀಪದಲ್ಲಿ, ಹೆಗ್ಗೋಡಿನಲ್ಲಿ, 1949ರಲ್ಲಿ ಸ್ಥಾಪಿತವಾದ ನೀಲಕಂಠೇಶ್ವರ ನಾಟ್ಯಸೇವಾ ಸಂಘವುಂಟು. ಲಾಭವನ್ನು ಬಯಸದೆ ಲೋಕಹಿತಕ್ಕಾಗಿ ದುಡಿಯುವ ಸಂಸ್ಥೆಗಳು ಈ ಸೀಮೆಗೆ ಹೊಸತಲ್ಲವೆಂಬುದಕ್ಕೆ ಇವೆರಡೇ ಸಾಕು. ಆ ಕಾಲದಲ್ಲಿ ಸಂಘಗಳ ಸುದ್ದಿಯು ಕಾರ್ಡು, ಕರಪತ್ರಗಳ ಮೂಲಕ ಹರಡುತ್ತಿತ್ತು. ಅವುಗಳ ನೆನಪು ಮಾತ್ರ ನಡವಳಿ ಪುಸ್ತಕದಲ್ಲಿ, ಬೀರುವಿನೊಳಗೆ ಭದ್ರವಾಗಿರುತ್ತಿತ್ತು. ಸಾರುವ ಕೆಲಸ ಬೇರೆ, ಕಾಪಾಡುವ ಕೆಲಸ ಬೇರೆ.

ಈಗ ಈ ಭೇದವು ಅಳಿಸಿಹೋಗುತ್ತಿದೆ. ಆಯನೂರಿನಂಥ ಊರಿನಲ್ಲಿ ಹತ್ತು ಮಂದಿ ಸೇರಿ ರಕ್ತದಾನಿಗಳ ಕೂಟವೊಂದನ್ನು ಕಟ್ಟಿದರೆಂದು ಭಾವಿಸಬಹುದು. ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಯಲ್ಲಿರುವ ರೋಗಿಗೆ ನಡುರಾತ್ರಿಯಲ್ಲಿ ರಕ್ತ ಬೇಕಾಯಿತೆನ್ನೋಣ. ವಾಟ್ಸ್‌ಆ್ಯಪಿನ ಒಂದು ಸಂದೇಶ ಕ್ಷಣಮಾತ್ರದಲ್ಲಿ ನೂರು ಮನೆಗಳನ್ನು ಎಚ್ಚರಿಸಬಲ್ಲುದು. ಹಿಂದಿನ ಯಾವ ಡಂಗುರಕ್ಕೂ ಈ ವೇಗವಿರಲಿಲ್ಲ. ಆದರೆ ಯಾರು ಯಾವ ತಿಂಗಳು ರಕ್ತ ಕೊಟ್ಟರು, ಸಂಗ್ರಹಿಸಿದ ಹಣ ಏನಾಯಿತು ಎಂಬ ಲೆಕ್ಕವನ್ನೂ ಅಲ್ಲಿಯೇ ಬಿಟ್ಟರೆ, ಅದು ಹಬ್ಬದ ಶುಭಾಶಯಗಳ ರಾಶಿಯಲ್ಲಿ ಹೂತುಹೋಗುವುದು. ಆರು ತಿಂಗಳ ಬಳಿಕ ದಾನಿಯೊಬ್ಬನು ಲೆಕ್ಕ ಕೇಳಿದರೆ ಕಾರ್ಯದರ್ಶಿಯ ಬಳಿ ಉತ್ತರವಿರದು. ಲೆಕ್ಕ ಕೊಡಲಾರದ ಸಂಘವನ್ನು ಜನರು ಎಷ್ಟು ದಿನ ನಂಬಿಯಾರು?

ಇನ್ನೊಂದು ಅಪಾಯವೂ ಉಂಟು. ಇಂಥ ಜಾಲಗಳು ಪರರ ಮನೆಗಳು. ಯಜಮಾನನು ಬಾಗಿಲು ಹಾಕಿದರೆ ಬಿಡಾರ ಹೂಡಿದವರು ಹೊರಗೆ. ಆರ್ಕುಟ್ ಎಂಬ ಜಾಲವು 2014ರಲ್ಲಿ ನಿಂತಿತು. ಗೂಗಲ್ ಪ್ಲಸ್ 2019ರಲ್ಲಿ ಜನಸಾಮಾನ್ಯರಿಗೆ ಮುಚ್ಚಿತು. ಬೇರೆ ಪ್ರತಿಯಿಟ್ಟುಕೊಳ್ಳದವರ ಬರಹಗಳು ಅವುಗಳೊಡನೆಯೇ ಹೋದವು.

ಆದಕಾರಣ ಭಂಡಾರವು ಸ್ವಂತದ್ದಾಗಿರಬೇಕು. ಇದಕ್ಕೆ ಮುಕ್ತ ತಂತ್ರಾಂಶಗಳು ನೆರವಾಗುತ್ತವೆ. ರಿಚರ್ಡ್ ಸ್ಟಾಲ್ಮನ್ ಎಂಬ ಅಮೆರಿಕದ ತಂತ್ರಜ್ಞನು 1983ರಲ್ಲಿ ಆರಂಭಿಸಿದ ಚಳವಳಿಯ ತತ್ತ್ವ ಸರಳವಾದುದು: ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಅದರ ಒಳಗುಟ್ಟನ್ನು ಅರಿಯಬಹುದು, ತಿದ್ದಬಹುದು, ಹಂಚಬಹುದು. ವಿದ್ಯಾದಾನದ ಧರ್ಮವನ್ನು ಬಲ್ಲ ನಾಡಿಗೆ ಇದು ಅಪರಿಚಿತವಲ್ಲ. ಜಾಲತಾಣ ಕಟ್ಟಲು ವರ್ಡ್‌ಪ್ರೆಸ್, ಲೆಕ್ಕಪತ್ರಗಳಿಗೆ ಲಿಬ್ರೆಆಫೀಸ್, ಹಲವರು ಕೂಡಿ ಬರೆಯಲು ಮೀಡಿಯಾವಿಕಿ, ಇವೆಲ್ಲ ಈ ಬಗೆಯವು. 2003ರಲ್ಲಿ ಮೊದಲಾದ ಕನ್ನಡ ವಿಕಿಪೀಡಿಯವು ನಿಂತಿರುವುದು ಈ ಮೀಡಿಯಾವಿಕಿಯ ಮೇಲೆಯೇ. ‘ಸಂಚಯ’ವೆಂಬ ಕನ್ನಡಿಗರ ತಂಡವು ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು, ಬೇಕಾದ ಪದವನ್ನು ಹುಡುಕಿ ನೋಡುವಂತೆ, ಎಲ್ಲರಿಗೂ ತೆರೆದಿಟ್ಟಿದೆ. ಹನಿಗೂಡಿದರೆ ಹಳ್ಳವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಮುಕ್ತವೆಂದರೆ ವೆಚ್ಚವೇ ಇಲ್ಲವೆಂದಲ್ಲ. ಜಾಲತಾಣದ ಹೆಸರಿಗೂ ಅದನ್ನಿಡುವ ಜಾಗಕ್ಕೂ ಕಾಲಕಾಲಕ್ಕೆ ಬಾಡಿಗೆ ಸಲ್ಲಿಸಬೇಕು. ತಪ್ಪಿದರೆ ಹೆಸರು ಅನ್ಯರ ಪಾಲಾಗಬಹುದು. ಆ ಹೆಸರು ಉತ್ಸಾಹಿ ತರುಣನೊಬ್ಬನ ಖಾತೆಯಲ್ಲಿದ್ದು, ಅವನು ಉದ್ಯೋಗಕ್ಕಾಗಿ ಪರಸ್ಥಳಕ್ಕೆ ಹೋದರೆ, ಸಂಘವು ಕೀಲಿಕೈ ಕಳೆದುಕೊಂಡ ಮನೆಯಂತಾಗುವುದು. ಸಂಘದ ಹೆಸರಿನಲ್ಲಿಯೇ ನೋಂದಣಿ ಇರತಕ್ಕದ್ದು. ಗುಪ್ತಪದವನ್ನು ಇಬ್ಬರಾದರೂ ಬಲ್ಲವರಿರತಕ್ಕದ್ದು. ಸಮಸ್ತದ ಪ್ರತಿಯೊಂದು ಬೇರೆಡೆ ಇರತಕ್ಕದ್ದು.

ಅಕ್ಷರದ ವಿಷಯದಲ್ಲಿಯೂ ಜಾಗ್ರತೆ ಬೇಕು. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಲೇಖನವು ಕಣ್ಣಿಗೆ ಕನ್ನಡವಾದರೂ ಯಂತ್ರಕ್ಕೆ ಕನ್ನಡವಲ್ಲ, ಹುಡುಕಿದರೆ ಸಿಗದು. ಅದನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಆ ಕೆಲಸಕ್ಕೂ ಮುಕ್ತ ಸಾಧನಗಳು ಲಭ್ಯವಿವೆ. ಹಳೆಯ ಗ್ರಂಥಗಳನ್ನು ಪ್ರಕಟಿಸುವಾಗ, ಗ್ರಂಥಕರ್ತನು ಗತಿಸಿದ ಮೇಲೆ ಅರುವತ್ತು ವರ್ಷಗಳವರೆಗೆ ಹಕ್ಕು ಉಳಿದಿರುತ್ತದೆಂಬ ನಮ್ಮ ದೇಶದ ಶಾಸನವನ್ನು ಮರೆಯಕೂಡದು.

ಎಲ್ಲಕ್ಕಿಂತ ಮಿಗಿಲಾದುದು ಮರ್ಯಾದೆಯ ಪ್ರಶ್ನೆ. ನೆರವು ಪಡೆದ ಬಡವಿಯ ಭಾವಚಿತ್ರವನ್ನು, ರೋಗಿಯ ಹೆಸರನ್ನು, ದಾನಿಗಳ ದೂರವಾಣಿ ಸಂಖ್ಯೆಯನ್ನು ಜಾಲದಲ್ಲಿ ಹರಡುವುದು ಉಪಕಾರವಲ್ಲ. ಕೊಟ್ಟ ಕೈಯ ಕೀರ್ತಿಗಾಗಿ ಪಡೆದ ಕೈಯನ್ನು ಬೀದಿಗೆಳೆದರೆ ದಾನದ ಪುಣ್ಯವು ಅಲ್ಲಿಗೇ ಕ್ಷಯಿಸಿತು. ಅವರ ಒಪ್ಪಿಗೆಯಿಲ್ಲದೆ ಏನನ್ನೂ ಪ್ರಕಟಿಸಬಾರದು. ಪ್ರಕಟಿಸಬೇಕಾದುದು ಸಂಘದ ಲೆಕ್ಕವನ್ನು.

ಸಾಧನಗಳು ಬದಲಾಗುತ್ತಲೇ ಇರುವುವು. ಇಂದಿನ ವಾಟ್ಸ್‌ಆ್ಯಪಿನ ಸ್ಥಾನಕ್ಕೆ ನಾಳೆ ಮತ್ತೊಂದು ಬರಬಹುದು. ಡಂಗುರವನ್ನು ಬಾಡಿಗೆಗೆ ತಂದರೂ ಚಿಂತೆಯಿಲ್ಲ. ಭಂಡಾರದ ಬೀಗ ಮಾತ್ರ ಸಂಘದ ಕೈಯಲ್ಲಿಯೇ ಇರಬೇಕು.