ಊಟದ ಲೆಕ್ಕಕ್ಕೆ ಎರಡು ಹನಿ ರಕ್ತ

ಊಟವಾಗಿ ಎರಡು ಗಂಟೆಗೆ ಗ್ಲುಕೋಮೀಟರ್ 190 ತೋರಿಸಿದರೆ ಮುದ್ದೆಯನ್ನೇ ದೂರುವ ಹಾಗಿಲ್ಲ. ತಟ್ಟೆಯ ಮುಂದೆ ಕೂರುವಾಗಲೇ ಸಕ್ಕರೆ 165 ಇದ್ದಿದ್ದರೆ ಊಟದಿಂದ ಏರಿದ್ದು 25 ಮಾತ್ರ. 110 ಇದ್ದಿದ್ದರೆ 80. ಟೈಪ್ 2 ಮಧುಮೇಹದಲ್ಲಿ ಯಾವ ಊಟ ಎಷ್ಟು ಒಗ್ಗುತ್ತದೆಂದು ತಿಳಿಯಲು ಊಟಕ್ಕೆ ಮುಂಚೆ ಒಂದು, ನಂತರ ಒಂದು, ಹೀಗೆ ಜೋಡಿ ಪರೀಕ್ಷೆಯೇ ಬೇಕು.

ಎರಡು ಗಂಟೆಯನ್ನು ಎಣಿಸಬೇಕಾದದ್ದು ಮೊದಲ ತುತ್ತಿನಿಂದ. ಆರೋಗ್ಯವಂತರಲ್ಲಿ ಊಟ ಶುರುವಾದ ಕೆಲವೇ ನಿಮಿಷಗಳಲ್ಲಿ ಇನ್ಸುಲಿನ್ ಒಮ್ಮೆಲೇ ಹರಿದು, ಯಕೃತ್ತು ಸಕ್ಕರೆ ಬಿಡುವುದನ್ನು ತಗ್ಗಿಸುತ್ತದೆ. ಟೈಪ್ 2ರಲ್ಲಿ ಈ ಮೊದಲ ಅಲೆ ಕುಂದಿರುತ್ತದೆ. ಊಟದ ಸಕ್ಕರೆಯ ಜೊತೆಗೆ ಯಕೃತ್ತಿನದೂ ರಕ್ತ ಸೇರುತ್ತದೆ. ಬೆಳಗಿನ ಖಾಲಿಹೊಟ್ಟೆಯ ಅಂಕಿ ಏರಿರುವುದಕ್ಕೂ ಹಲವು ಬಾರಿ ಯಕೃತ್ತೇ ಕಾರಣ, ರಾತ್ರಿಯ ಊಟವಲ್ಲ.

ಗರ್ಭಿಣಿಯರಲ್ಲದ ಬಹುತೇಕ ವಯಸ್ಕರಿಗೆ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಸೂಚಿಸುವ ಗುರಿ, ಊಟಕ್ಕೆ ಮುಂಚೆ ಡೆಸಿಲೀಟರಿಗೆ 80ರಿಂದ 130 ಮಿಲಿಗ್ರಾಂ, ಊಟ ಶುರುವಾದ ಒಂದೆರಡು ಗಂಟೆಗೆ 180ರೊಳಗೆ. ವಯಸ್ಸಾದವರಿಗೆ ವೈದ್ಯರು ಇದನ್ನು ಸಡಿಲಿಸುವುದುಂಟು.

ಲ್ಯಾಬಿನಲ್ಲಿ 'ಫಾಸ್ಟಿಂಗ್' ಕೊಟ್ಟು, ಊಟದ ನಂತರದ 'ಪಿಪಿ' ಪರೀಕ್ಷೆಗೆಂದು ಆ ದಿನ ಮಾತ್ರ ಎರಡೇ ಇಡ್ಲಿ ತಿನ್ನುವವರಿದ್ದಾರೆ. ವರದಿ ಚೆನ್ನಾಗಿ ಬರುತ್ತದೆ, ನಿತ್ಯದ ಊಟದ ಸಂಗತಿ ಮುಚ್ಚಿಹೋಗುತ್ತದೆ. ತಿನ್ನಬೇಕಾದದ್ದು ದಿನದಂತೆಯೇ, ಎಂದಿನ ಮಾತ್ರೆಯೊಂದಿಗೆ. ರಾಗಿ ಒಳ್ಳೆಯದೆಂಬ ಭರವಸೆಯಲ್ಲಿ ಮುದ್ದೆಯ ಗಾತ್ರವೂ ಹೀಗೇ ಮರೆತುಹೋಗುತ್ತದೆ. ರಾಗಿಯಲ್ಲಿ ನಾರು ಹೆಚ್ಚು, ನಿಜ. ಆದರೆ ಹಿಟ್ಟಿನ ದೊಡ್ಡ ಪಾಲು ಪಿಷ್ಟವೇ. ಮುದ್ದೆ ಚಿಕ್ಕದಾದಾಗ, ಕಾಳುಪಲ್ಯ ಮೊದಲು ತಿಂದಾಗ, ಉಂಡು ಹದಿನೈದು ನಿಮಿಷ ನಡೆದಾಗ ಏರಿಕೆ ಎಷ್ಟು ತಗ್ಗಿತೆಂದು ಜೋಡಿ ಅಂಕಿಗಳು ಅವರವರ ಮೈಯಿಂದಲೇ ಹೇಳುತ್ತವೆ. ಪಕ್ಕದಲ್ಲಿ ತಿಂದದ್ದನ್ನು ಬರೆದಿಟ್ಟರೆ ಮಾತ್ರ ಅವು ವೈದ್ಯರಿಗೂ ಉಪಯುಕ್ತ.

ಬೆರಳನ್ನು ಸೋಪಿನಿಂದ ತೊಳೆದು ಒರೆಸಿಯೇ ಚುಚ್ಚಬೇಕು. ಮಾವಿನ ರಸ ಅಂಟಿದ ಬೆರಳು ಇಲ್ಲದ ಸಕ್ಕರೆ ತೋರಿಸುತ್ತದೆ. ಬೆರಳ ತುದಿಯ ನಡುವಿಗಿಂತ ಪಕ್ಕದಲ್ಲಿ ನೋವು ಕಡಿಮೆ. 100ರ ಮೇಲಿನ ಅಂಕಿಗಳಲ್ಲಿ ಶೇಕಡಾ 15ರಷ್ಟು ಆಚೀಚೆಯನ್ನು ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುವುದರಿಂದ 160 ಮತ್ತು 170ರ ನಡುವಿನ ವ್ಯತ್ಯಾಸಕ್ಕೆ ಕಳವಳಪಡಬೇಕಾಗಿಲ್ಲ.

ಮೆಟ್‌ಫಾರ್ಮಿನ್ ಒಂದರಲ್ಲೇ ಇರುವವರು ದಿನವೂ ಚುಚ್ಚಿಕೊಳ್ಳುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಸ್ಟ್ರಿಪ್‌ಗಳ ಖರ್ಚೂ ಸಣ್ಣದಲ್ಲ. ಊಟ ಅಥವಾ ಔಷಧ ಬದಲಾದಾಗ ಕೆಲವು ದಿನ ನೋಡಿದರೆ ಸಾಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರ ವಿಚಾರ ಬೇರೆ, ಅವರಲ್ಲಿ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. 70ಕ್ಕಿಂತ ಕೆಳಗಿಳಿದರೆ ಮೂರು ನಾಲ್ಕು ಚಮಚ ಸಕ್ಕರೆ ಕದಡಿದ ನೀರು ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಇನ್ನೂ ಏರದಿದ್ದರೆ ಮತ್ತೊಮ್ಮೆ ಅಷ್ಟೇ ಕುಡಿಯಬೇಕು.