ಕಾಲುವೆ ದಂಡೆಯ ಕಡಜ

ಭೀಮರಾಯನಗುಡಿಯಲ್ಲಿ ವಿಮಾನ ಇಳಿದದ್ದನ್ನು ನಾನು ಕಂಡಿಲ್ಲ. ನಾವೆಲ್ಲ ಬಿ. ಗುಡಿ ಎನ್ನುವ ಈ ಕಾಲೊನಿಯ ಆಕಾಶದಲ್ಲಿ ಯಾವುದಾದರೂ ಒಂದು ಬಿಳಿ ಗೆರೆ ಎಳೆದು ಹೋದರೆ ಅದೇ ಹೆಚ್ಚು. ಆದರೂ ಇಟಲಿಯ ವಿಮಾನಗಳ ಚೆಲುವು ಏನು ಅಂತ ನನಗೆ ತಿಳಿದದ್ದು ಇಲ್ಲಿನ ಕ್ವಾರ್ಟರ್ಸ್ ಓಣಿಯಲ್ಲೇ, ಅಪ್ಪನ ತಿಳಿನೀಲಿ ಬಜಾಜ್ ಚೇತಕ್ ಎದುರು ಕುಕ್ಕರಗಾಲಲ್ಲಿ ಕೂತಾಗ. ತಿಳಿಯುತ್ತಿದೆ ಅಂತ ಆಗ ಗೊತ್ತಿರಲಿಲ್ಲ, ಅಷ್ಟೇ.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ಕೂಸು ನಮ್ಮೂರು. ನಾರಾಯಣಪುರ ಎಡದಂಡೆ ಕಾಲುವೆಯ ಆಫೀಸುಗಳು, ಅವುಗಳ ಸುತ್ತ ಸಾಲು ಮನೆ, ಮನೆಗೊಂದು ಬೇವಿನ ಮರ. ಸಾಹೇಬರಿಗೆ ಜೀಪು, ಉಳಿದವರಿಗೆ ಸ್ಕೂಟರ್. ಬೆಳಿಗ್ಗೆ ಒಂಬತ್ತೂವರೆಗೆ ಓಣಿಯ ತುಂಬ ಒಂದೇ ವ್ಯಾಯಾಮ: ಗಾಡಿಯನ್ನು ತಮ್ಮ ಕಡೆ ವಾಲಿಸಿ, ಎರಡು ಕ್ಷಣ ಹಿಡಿದು, ನೆಟ್ಟಗೆ ನಿಲ್ಲಿಸಿ ಕಿಕ್ ಹೊಡೆಯುವುದು. ಮೂರನೆಯ ಕಿಕ್ಕಿಗೂ ಏಳದಿದ್ದರೆ ಪಕ್ಕದ ಮನೆಯವರು ಕಾಂಪೌಂಡಿನಿಂದಲೇ, ‘ಇನ್ನೊಮ್ಮಿ ವಾಲಿಸ್ರಿ’ ಅನ್ನುವರು. ಆಮೇಲೆ ನೀಲಿ ಹೊಗೆ, ಪೆಟ್ರೋಲಿಗೆ ಬೆರೆಸಿದ ಆಯಿಲ್ಲಿನ ವಾಸನೆ.

ಒಂದು ಸಲ ಕಾಲುವೆ ದಂಡೆಯ ಮೇಲೆ ಮುಂದಿನ ಚಕ್ರ ಪಂಕ್ಚರ್ ಆಯಿತು. ಅಪ್ಪ ಹಿಂದೆ ಹೊತ್ತಿದ್ದ ಸ್ಟೆಪ್ನಿ ಬಿಚ್ಚಿ, ಕಾರಿನ ಗಾಲಿ ತೆಗೆದ ಹಾಗೆ ನಟ್ಟು ತಿರುಗಿಸಿ ಪಕ್ಕದಿಂದಲೇ ಗಾಲಿ ಎಳೆದುಬಿಟ್ಟರು. ಸೈಕಲ್ಲಿನ ಹಾಗೆ ಎರಡು ಕಡೆ ಕವಲಿಲ್ಲ. ಚಕ್ರವನ್ನು ಹಿಡಿದದ್ದು ಒಂದೇ ಕೈ. ‘ಬೀಳಂಗಿಲ್ಲೇನು?’ ಅಂತ ಕೇಳಿದ್ದೆ. ಅಪ್ಪ ನಕ್ಕಿದ್ದರು.

ಬೀಳುವುದಿಲ್ಲ. ಯಾಕೆಂದರೆ ಆ ಕೈ ವಿಮಾನದ್ದು. ಅದನ್ನು ಎಣಿಸಿದವನು ಕೊರಾಡಿನೊ ದಸ್ಕಾನಿಯೊ, ಪಿಯಾಜಿಯೊ ವಿಮಾನ ಕಂಪನಿಯ ಎಂಜಿನಿಯರ್. 1930ರಲ್ಲೇ ತಾನು ರೂಪಿಸಿದ ಹೆಲಿಕಾಪ್ಟರಿನಿಂದ ದಾಖಲೆ ಬರೆಸಿದ ಮನುಷ್ಯ. ಎರಡನೆಯ ಮಹಾಯುದ್ಧದಲ್ಲಿ ಪಾಂತೆದೇರಾದ ಕಾರ್ಖಾನೆ ಬಾಂಬಿಗೆ ಸಿಕ್ಕಿ ಹಾಳಾಗಿತ್ತು, ವಿಮಾನ ಕೊಳ್ಳುವವರಿರಲಿಲ್ಲ. ಮಾಲೀಕ ಎನ್ರಿಕೊ ಪಿಯಾಜಿಯೊ ಜನಸಾಮಾನ್ಯರಿಗೊಂದು ಅಗ್ಗದ ವಾಹನ ಮಾಡು ಎಂದ. ದಸ್ಕಾನಿಯೊಗೆ ಮೋಟರ್‌ಸೈಕಲ್ ಕಂಡರೆ ಆಗುತ್ತಿರಲಿಲ್ಲ. ಚೈನು, ಗ್ರೀಸು, ಬಟ್ಟೆಗೆ ಕೊಳೆ. ಹಾಗಾಗಿ ಚೈನನ್ನೇ ಬಿಟ್ಟ, ಎಂಜಿನ್ನನ್ನು ಹಿಂದಿನ ಚಕ್ರದ ಪಕ್ಕಕ್ಕೇ ಕೂರಿಸಿದ, ಗೇರನ್ನು ಕೈಗೆ ತಂದ, ಕಾಲ ಮುಂದೆ ತಗಡಿನ ಗುರಾಣಿ ನಿಲ್ಲಿಸಿದ, ಮುಂದಿನ ಚಕ್ರಕ್ಕೆ ವಿಮಾನದ ಕಾಲು ಜೋಡಿಸಿದ. 1946ರಲ್ಲಿ ಪೇಟೆಂಟ್ ಆಯಿತು. ಹೆಸರು ವೆಸ್ಪಾ, ಅಂದರೆ ಕಡಜ. ನಮ್ಮ ಕಡೆ ಧೋತರ ಉಟ್ಟವರೂ ಸಲೀಸಾಗಿ ಸ್ಕೂಟರ್ ಹತ್ತಿದ್ದು ಆ ಇಟಲಿಯವನ ಕೊಳೆಯ ಭಯದಿಂದ.

ಇಟಲಿಯವರ ವಿಮಾನಗಳಿಗೆ ಅವುಗಳದೇ ಒಂದು ಚೆಲುವು. ಮಾರಿಯೊ ಕಾಸ್ತೋಲ್ದಿ ರೂಪಿಸಿದ ಕೆಂಪು ಮಕ್ಕಿ ಎಂ.ಸಿ. 72 ಚಿತ್ರ ನೋಡಿ. ನೀರಿನ ಮೇಲಿಂದ ಏಳುವ ಆ ವಿಮಾನವನ್ನು 1934ರಲ್ಲಿ ಫ್ರಾಂಚೆಸ್ಕೊ ಅಜೆಲ್ಲೊ ಗಂಟೆಗೆ 709 ಕಿ.ಮೀ. ವೇಗದಲ್ಲಿ ಹಾರಿಸಿದ. ಪಿಸ್ಟನ್ ಎಂಜಿನ್ನಿನ ಜಲವಿಮಾನಗಳಲ್ಲಿ ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ. ನನಗೆ ವೇಗಕ್ಕಿಂತ ಅದರ ಮೈಯೇ ಹೆಚ್ಚು. ಎಲ್ಲಿಯೂ ಕೋನವಿಲ್ಲ, ನೀರಲ್ಲಿ ನೆನೆದ ಸಾಬೂನಿನ ಹಾಗೆ ಸವೆದ ರೂಪ. ಚೇತಕ್ಕಿನ ಎಡಬಲದ ಉಬ್ಬುಗಳ ಮೇಲೆ ಕೈ ಆಡಿಸಿದವರಿಗೆ ಆ ಸಾಬೂನು ಗೊತ್ತು.

ವಿಮಾನದಿಂದ ಬಂದ ಇನ್ನೊಂದು ಗುಟ್ಟು ಈ ಮೈಯಲ್ಲೇ ಇತ್ತು. ಒಳಗೆ ಬೇರೆ ಅಸ್ಥಿಪಂಜರವಿಲ್ಲ, ತಗಡೇ ಭಾರ ಹೊರುತ್ತದೆ. ನಾನೂ ತಮ್ಮನೂ ಅಮ್ಮನೂ ಗೋಧಿ ಚೀಲವೂ ಹೊರಟಾಗ ನಮ್ಮನ್ನು ಹೊತ್ತದ್ದು ಆ ತೆಳು ಚರ್ಮ. ತಗ್ಗು ಬಿದ್ದರೆ ಶಹಾಪುರದ ಡೆಂಟಿಂಗ್ ಅಂಗಡಿಯಲ್ಲಿ ಒಳಗಿನಿಂದ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಎಬ್ಬಿಸುತ್ತಿದ್ದರು. ಈಗ ಹಲವು ಗಾಡಿಗಳದು ಪ್ಲಾಸ್ಟಿಕ್ಕು. ಒಡೆದರೆ ಹೊಸದು ತರಬೇಕು, ತಟ್ಟುವ ಮಾತೇ ಇಲ್ಲ.

ಸುಳ್ಳು ಹೇಳಬಾರದು, ಎರೆಮಣ್ಣಿಗೆ ಅದು ತಕ್ಕ ಗಾಡಿಯಲ್ಲ. ಮಳೆಗಾಲದಲ್ಲಿ ಆ ಪುಟ್ಟ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಚಕ್ರ ನಿಂತೇ ಬಿಡುತ್ತಿತ್ತು. ಹತ್ತಿ ಕಟ್ಟಿಗೆ ಮುರಿದು ಕೆರೆದದ್ದು ಎಷ್ಟು ಸಲವೋ!

ವೆಸ್ಪಾವನ್ನು ಇಲ್ಲಿ ತಯಾರಿಸಲು ಬಜಾಜಿಗೂ ಪಿಯಾಜಿಯೊಗೂ ಇದ್ದ ಒಪ್ಪಂದ 1971ಕ್ಕೆ ಮುಗಿಯಿತು. ಮರುವರ್ಷ ಬಂದ ಚೇತಕ್ಕಿಗೆ ಹೆಸರು ರಾಣಾ ಪ್ರತಾಪನ ಕುದುರೆಯದು, ಮೈ ಮಾತ್ರ ಇಟಲಿಯದೇ. ಅದಕ್ಕಾಗಿ ಜನ ವರ್ಷಗಟ್ಟಲೆ ಪಾಳಿ ಹಚ್ಚಿದರು. ಆಮೇಲೆ ಬೈಕುಗಳು ಬಂದವು. 2009ರಲ್ಲಿ ಬಜಾಜ್ ಸ್ಕೂಟರಿನ ಸಹವಾಸವೇ ಸಾಕೆಂದಿತು. ಹತ್ತು ವರ್ಷದ ಮೇಲೆ ಅದೇ ಹೆಸರಿನಲ್ಲಿ ಬ್ಯಾಟರಿ ಗಾಡಿ ತಂದಿತು. ಚೆನ್ನಾಗಿದೆ, ಆದರೆ ವಾಲಿಸುವಂತಿಲ್ಲ.

ಅಪ್ಪ ನಿವೃತ್ತರಾದ ಮೇಲೆ ನಮ್ಮದು ಬೇವಿನ ಮರದ ಕೆಳಗೆ ಏಳು ವರ್ಷ ನಿಂತಿತ್ತು. ಕೊನೆಗೆ ಗುಜರಿಯವನು ಬಂದ, ತಕ್ಕಡಿಗೆ ಹಾಕಿದ, ಕಬ್ಬಿಣದ ದರ ಕೊಟ್ಟ. ನಾನು ಆಗ ಊರಲ್ಲಿರಲಿಲ್ಲ. ನಿಮ್ಮ ಹಿತ್ತಲಲ್ಲಿ ಇನ್ನೂ ಒಂದು ನಿಂತಿದ್ದರೆ, ತೂಕಕ್ಕೆ ಹಾಕುವ ಮೊದಲು ಮುಂದಿನ ಚಕ್ರದ ಹತ್ತಿರ ಒಮ್ಮೆ ಕೂತು ಆ ಒಂದೇ ಕೈಯನ್ನು ನೋಡಿ.