ಕೆರೆ ಅಳೆಯಲು ಹೋದ ಪುಟ್ಟನಿಗೆ

ಪ್ರೀತಿಯ ಪುಟ್ಟಾ,

ನಿನ್ನೆ ಚಿಕ್ಕಮ್ಮ ಫೋನ್ ಮಾಡಿದ್ದರು. "ಮಗ ಶಿರಾ ಕಡೆ ಕೆರೆ ಅಳೀತೀನಿ ಅಂತ ಹೋಗಿದ್ದಾನೆ ಕಣೇ, ಈ ಬಿಸಿಲಲ್ಲಿ ಏನಾಗ್ತಾನೋ" ಅಂತ ಒಂದೇ ಸಮನೆ ಗೋಳು. ನಾನು ನಿನ್ನ ಪರವಾಗಿಯೇ ಮಾತಾಡಿದೆ. ಕೆರೆ ಒಣಗಿದಾಗ ತಾನೇ ಅಳೆಯೋದು, ನೀರು ನಿಂತರೆ ಡ್ರೋನ್ ಕ್ಯಾಮೆರಾಗೆ ಕಾಣೋದು ನೀರಿನ ಮೈ, ತಳವಲ್ಲ ಅಂತ ಸಮಾಧಾನ ಹೇಳಿದೆ. ಆದರೂ ಟೋಪಿ ಮರೆಯಬೇಡ. ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದಿರುತ್ತೆ, ಚಪ್ಪಲಿಯಲ್ಲಿ ಓಡಾಡದೆ ಬೂಟು ಹಾಕಿಕೋ.

ನಿನ್ನ ವಾಟ್ಸಾಪ್ ಸ್ಟೇಟಸ್ ನೋಡಿ ನಗು ಬಂತು. ಡ್ರೋನ್ ಏಳುವುದು, ಡ್ರೋನ್ ಇಳಿಯುವುದು, ಪಕ್ಕದಲ್ಲಿ ಕೂಲಿಂಗ್ ಗ್ಲಾಸ್ ಹಾಕಿದ ನೀನು. ನೆಲದ ಮೇಲಿಡುವ ಕಪ್ಪು-ಬಿಳಿ ಗುರುತಿನ ಹಾಳೆಗಳ ಫೋಟೋ ಒಂದಾದರೂ ಬೇಡವೇನೋ? ನನಗೆ ನೋಡಬೇಕಿದ್ದದ್ದು ಅದೇ.

ಹಾರಿಸುವುದು ಈಗ ಸಲೀಸು. ಒಂದು ಚಿತ್ರದ ಮೇಲೆ ಇನ್ನೊಂದು ಮುಕ್ಕಾಲು ಭಾಗ ಹೊದ್ದುಕೊಳ್ಳುವಂತೆ ತೆಗೆದರೆ ಸಾಕು, ಹಲವು ಚಿತ್ರಗಳಲ್ಲಿ ಕಾಣುವ ಒಂದೇ ಕಲ್ಲನ್ನು ಸಾಫ್ಟ್‌ವೇರ್ ಹುಡುಕಿ ಹೊಂದಿಸಿ ನೆಲದ ಉಬ್ಬುತಗ್ಗು ಕಟ್ಟಿಕೊಡುತ್ತೆ. ಪರದೆಯ ಮೇಲೆ ಎಷ್ಟು ಚೆಂದ ಕಾಣುತ್ತೆ ಅಂದರೆ ನಂಬದೆ ಇರೋಕೆ ಆಗಲ್ಲ. ನನ್ನ ಆತಂಕ ಇರೋದೇ ಅಲ್ಲಿ. ಡ್ರೋನಿನ ಸಾಮಾನ್ಯ ಜಿಪಿಎಸ್ ಕೆಲವು ಮೀಟರ್ ಆಚೀಚೆ ಹೇಳುತ್ತೆ. ನೆಲದ ಮೇಲಿನ ಇನ್ನೊಂದು ರಿಸೀವರಿನಿಂದ ಆಗಿಂದಾಗಲೇ ತಿದ್ದುಪಡಿ ಪಡೆಯುವ ಆರ್‌ಟಿಕೆ ಇದ್ದರೆ ಕೆಲವೇ ಸೆಂಟಿಮೀಟರಿಗೆ ಇಳಿಯುತ್ತೆ, ಆದರೆ ಅದರ ಮಾತನ್ನೂ ನೆಲದ ಮೇಲೆ ಪರೀಕ್ಷಿಸದೆ ಒಪ್ಪಬೇಡ. ಕ್ಯಾಮೆರಾ ಸದಾ ನೇರ ಕೆಳಗೇ ನೋಡುತ್ತಿದ್ದರೆ ಲೆನ್ಸ್ ಲೆಕ್ಕದ ಸಣ್ಣ ತಪ್ಪೂ ಸೇರಿಕೊಂಡು, ಸಮತಟ್ಟಾದ ಅಂಗಳ ಬೋರಲು ಹಾಕಿದ ಬಾಣಲೆಯ ಹಾಗೆ ನಡುವೆ ಉಬ್ಬಿಬಿಡಬಹುದು. ಬ್ರಿಟನ್ನಿನ ಮೈಕ್ ಜೇಮ್ಸ್ ಮತ್ತು ಸ್ಟುವರ್ಟ್ ರಾಬ್ಸನ್ 2014ರಲ್ಲೇ ಇದನ್ನು ತೋರಿಸಿ, ಕೆಲವು ಚಿತ್ರಗಳನ್ನು ಓರೆಯಾಗಿ ತೆಗೆಯಿರಿ ಅಂದಿದ್ದರು. ನೀನೂ ತೆಗಿ.

ಉಬ್ಬಿದರೂ ಹತ್ತು ಸೆಂಟಿಮೀಟರ್ ತಾನೇ ಅಂತ ನಿನಗನ್ನಿಸಬಹುದು. 20 ಹೆಕ್ಟೇರಿನ ಅಂಗಳದಲ್ಲಿ ಎತ್ತರ ಬರೀ 10 ಸೆಂಟಿಮೀಟರ್ ತಪ್ಪಿದರೆ ತೆಗೆಯುವ ಹೂಳಿನ ಲೆಕ್ಕ 20,000 ಘನ ಮೀಟರ್ ತಪ್ಪುತ್ತೆ. ಟ್ರೇಲರಿಗೆ ಮೂರು ಘನ ಮೀಟರ್ ಹಿಡಿದರೂ ಆರು ಸಾವಿರಕ್ಕೂ ಹೆಚ್ಚು ಲೋಡು! ತೆಗೆಯದ ಮಣ್ಣಿಗೆ ಬಿಲ್ ಆಗಬಹುದು, ಇಲ್ಲವೇ ತೆಗೆದವನಿಗೆ ದುಡ್ಡು ಸಿಗದೆ ಹೋಗಬಹುದು. ಎರಡೂ ಅನ್ಯಾಯವೇ.

ಅದಕ್ಕೇ ನಡೆಯೋಕೆ ಬೇಸರ ಪಡಬೇಡ. ಗುರುತುಗಳನ್ನು ಜೀಪು ನಿಲ್ಲಿಸಿದ ಕಡೆಯೇ ಗುಂಪಾಗಿ ಹಾಕದೆ ಅಂಗಳದ ಅಂಚಿಗೆ, ನಡುವಿಗೆ, ಏರಿಯ ಮೇಲೆ, ತೂಬಿನ ಹತ್ತಿರ, ತಗ್ಗು ಗುಂಡಿಯಲ್ಲಿ ಹೀಗೆ ಹರಡಿ ಹಾಕು. ನಾಲ್ಕು ಮೂಲೆಗೂ ಕಲ್ಲಿಡು, ಇಲ್ಲದಿದ್ದರೆ ದನ ಕಾಯುವ ಹುಡುಗರು ಫ್ಲೆಕ್ಸ್ ಸಿಕ್ಕಿತು ಅಂತ ಎತ್ತಿಕೊಂಡು ಹೋದಾರು. ಜಿಪಿಎಸ್ ರೋವರಿನ ಕೋಲನ್ನು ಕಪ್ಪು-ಬಿಳಿ ಸೇರುವ ಚುಕ್ಕೆಯ ಮೇಲೇ ಊರಿ, ಮಟ್ಟದ ಗುಳ್ಳೆ ನಡುವಿಗೆ ಬಂದು ನಿಂತ ಮೇಲೆ ಓದು. ಕೋಡಿಯ ಕಲ್ಲಿನ ಮೇಲೆ ಮಾತ್ರ ಬಣ್ಣದಲ್ಲೇ ಗುರುತು ಹಾಕು. ಹೂಳು ತೆಗೆದ ಮೇಲೆ ಮತ್ತೆ ಅಳೆಯುವಾಗ ಹಾಳೆ ಇರಲ್ಲ, ಕೋಡಿ ಇರುತ್ತೆ. ಹಳ್ಳಿ ಮನೆಗಳ ಆಸ್ತಿ ಅಳೆಯುವ ಸ್ವಾಮಿತ್ವ ಯೋಜನೆಯಲ್ಲೂ ಡ್ರೋನ್ ಬರುವ ಮುಂಚೆ ಮನೆಗಳ ಗಡಿಗೆ ಬಿಳಿ ಗೆರೆ ಎಳೆಯುತ್ತಾರಲ್ಲ, ನೆನಪಿದೆಯಾ? ಎರಡು ಮನೆಯವರೂ ನಿಂತು ಒಪ್ಪಿದ ಗಡಿಯನ್ನು ಡ್ರೋನ್ ತಾನಾಗಿ ಹುಡುಕಲಾರದು.

ಎತ್ತರದ ವಿಷಯದಲ್ಲಿ ಇನ್ನೊಂದು ಜೋಪಾನ. ಉಪಗ್ರಹ ಹೇಳುವ ಎತ್ತರಕ್ಕೂ ಸಮುದ್ರ ಮಟ್ಟದಿಂದ ಅಳೆದ ಎತ್ತರಕ್ಕೂ ನಮ್ಮ ಕಡೆ 80 ಮೀಟರಿಗೂ ಹೆಚ್ಚು ಅಂತರ. ಹಳೆಯ ನೀರಾವರಿ ನಕ್ಷೆಯ ಜೊತೆ ನಿನ್ನದನ್ನು ಹೋಲಿಸುವ ಮುಂಚೆ ಎರಡೂ ಒಂದೇ ಲೆಕ್ಕದಲ್ಲಿವೆಯಾ ನೋಡು, ಸಾಧ್ಯವಾದರೆ ಸರ್ವೆ ಆಫ್ ಇಂಡಿಯಾದ ಬೆಂಚ್‌ಮಾರ್ಕಿಗೆ ಜೋಡಿಸು. ಜಾಲಿ ಪೊದೆ ಇರುವಲ್ಲಿ ಚಿತ್ರಕ್ಕೆ ಸಿಗೋದು ಎಲೆ, ಮಣ್ಣಲ್ಲ. ಅಲ್ಲಿ ರೋವರ್ ಹಿಡಿದು ನೀನೇ ಹೋಗಬೇಕು. ಹಾವಿದ್ದೀತು, ಕೋಲು ಬಡಿಯುತ್ತಾ ಹೋಗು. ಚಿಕ್ಕಮ್ಮನಿಗೆ ಈ ಮಾತು ಹೇಳಿಲ್ಲ, ನೀನೂ ಹೇಳಬೇಡ.

ಕಡೆಯ ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಅಳೆದ ಬಿಂದುಗಳನ್ನೆಲ್ಲ ಸಾಫ್ಟ್‌ವೇರಿಗೆ ಕೊಟ್ಟುಬಿಡಬೇಡ. ಒಂದಷ್ಟನ್ನು ಬೇರೆ ತೆಗೆದಿಡು, ಅದೂ ಅಂಗಳದ ಬೇರೆ ಬೇರೆ ಕಡೆಯವು. ಕೊಟ್ಟ ಬಿಂದುಗಳಿಗೆ ನಕ್ಷೆ ಹೇಗೂ ಹೊಂದಿಕೊಳ್ಳುತ್ತೆ, ಅಲ್ಲಿ ತೋರಿಸುವ ತಪ್ಪಿನ ಅಂಕಿ ಎಷ್ಟು ಚಿಕ್ಕದಿದ್ದರೂ ಹಿಗ್ಗಬೇಡ. ಬಚ್ಚಿಟ್ಟ ಬಿಂದುಗಳಲ್ಲಿ ಎಷ್ಟು ವ್ಯತ್ಯಾಸ ಬಂತು ಅನ್ನೋದೇ ನಿಜವಾದ ಲೆಕ್ಕ. ಬೇಗ ಮುಗಿಸು ಅಂತ ಯಾರಾದರೂ ಅವಸರ ಮಾಡಿದರೂ ಇದೊಂದನ್ನು ಬಿಡಬೇಡ ಕಣೋ.

ಚಿಕ್ಕಮ್ಮ ನಿನಗಾಗಿ ಮಾವಿನಮಿಡಿ ಉಪ್ಪಿನಕಾಯಿ ಎತ್ತಿಟ್ಟಿದ್ದಾರೆ, ಊರಿಗೆ ಬಂದಾಗ ಒಯ್ಯಿ. ವರದಿಯಲ್ಲಿ ಆ ಬಚ್ಚಿಟ್ಟ ಬಿಂದುಗಳ, ಅಂದರೆ ಚೆಕ್ ಪಾಯಿಂಟ್‌ಗಳ ಪಟ್ಟಿಯನ್ನು ಮೊದಲ ಪುಟದಲ್ಲೇ ಹಾಕಿ, ಸಲ್ಲಿಸುವ ಮುಂಚೆ ನನಗೊಂದು ಪ್ರತಿ ಕಳಿಸು.

ನಿನ್ನ ಅಕ್ಕ